ಮರಳಿನ ಸಂದಿಯ ಒಕ್ಕಲು

ಮೈಸೂರಿನವರಾದ ನಮಗೆ ಮರಳಿನ ಮೊದಲ ಪರಿಚಯವಾಗುವುದು ಸಮುದ್ರದ ದಂಡೆಯಲ್ಲಲ್ಲ, ಮನೆ ಕಟ್ಟುತ್ತಿರುವ ಬೀದಿಯಲ್ಲಿ. ಎಂ-ಸ್ಯಾಂಡ್ ಬರುವುದಕ್ಕೆ ಮುಂಚಿನ ಕಾಲದಲ್ಲಿ ಯಾರದೋ ನಿವೇಶನದ ಮುಂದೆ ಲಾರಿಯೊಂದು ಹೊಳೆಮರಳನ್ನು ಸುರಿದು ಹೋದರೆ, ಸಂಜೆಯ ಹೊತ್ತಿಗೆ ಬೀದಿಯ ಮಕ್ಕಳೆಲ್ಲ ಆ ಗುಡ್ಡೆಯ ಮೇಲಿರುತ್ತಿದ್ದೆವು. ಪಾದ ಹುದುಗಿಸಿ, ಮೇಲೆ ಮರಳು ತಟ್ಟಿ, ಮೆಲ್ಲಗೆ ಕಾಲೆಳೆದುಕೊಂಡು ಗುಬ್ಬಚ್ಚಿ ಗೂಡು ಮಾಡುತ್ತಿದ್ದೆವು. ಕಪ್ಪೆಚಿಪ್ಪು ಆರಿಸಿ ಜೇಬು ತುಂಬಿಸಿಕೊಂಡು ಮನೆಗೆ ಹೋಗಿ ಬೈಸಿಕೊಳ್ಳುತ್ತಿದ್ದೆವು. ಆ ಚಿಪ್ಪಿನೊಳಗೆ ಒಂದು ಕಾಲಕ್ಕೆ ಜೀವವಿತ್ತು, ಅದು ಮರಳಿನಲ್ಲೇ ಬಾಳಿ ಮರಳಿನಲ್ಲೇ ಸತ್ತಿತು ಎಂಬ ವಿಚಾರ ಮಾತ್ರ ಯಾರ ತಲೆಗೂ ಬರುತ್ತಿರಲಿಲ್ಲ. ಮರಳೆಂದರೆ ಗಾರೆ ಕಲಸುವ ಸಾಮಾನು, ಅಷ್ಟೆ. ತಲಕಾಡಿಗೆ ಹೋದಾಗಲೂ ನಾವು ಮರಳಿನಲ್ಲಿ ಹೂತುಹೋದ ದೇವಸ್ಥಾನಗಳನ್ನು ನೋಡುತ್ತೇವೆಯೇ ಹೊರತು ಮರಳನ್ನು ನೋಡುವುದಿಲ್ಲ.

ಸಮುದ್ರಕ್ಕೆ ಹೋದಾಗಲೂ ಇದೇ ಕತೆ. ರಜೆಯಲ್ಲಿ ಪಣಂಬೂರಿಗೋ ಮಲ್ಪೆಗೋ ಹೋಗುತ್ತೇವೆ, ಚಪ್ಪಲಿ ಬಿಟ್ಟು ನೀರಿನತ್ತ ಓಡುತ್ತೇವೆ. ಬಂದ ಮೇಲೆ ದಂಡೆಯ ಮೇಲೆ ಯಾವ ಪ್ರಾಣಿ ಕಂಡಿರಿ ಎಂದು ಕೇಳಿದರೆ ಒಂದೆರಡು ಏಡಿಕಾಯಿ, ನಾಯಿ, ಮಕ್ಕಳನ್ನು ಕೂರಿಸಿಕೊಂಡು ಸುತ್ತುವ ಕುದುರೆ ಎಂಬ ಉತ್ತರ ಬರುತ್ತದೆ. ಇದಕ್ಕೆ ನಿಮ್ಮನ್ನು ದೂರುವಂತಿಲ್ಲ. ಬಂಡೆಗಲ್ಲಿನ ತೀರದಲ್ಲಿ, ಹವಳದ ದಿಬ್ಬದಲ್ಲಿ ಜೀವಿಗಳು ಮೇಲೆಯೇ ಕಾಣುವುದರಿಂದ ಜೀವವಿಜ್ಞಾನಿಗಳು ಕೂಡ ಬಹಳ ಕಾಲ ಅಲ್ಲಿಯೇ ಸುತ್ತಾಡಿದರು. ಮರಳಿನ ತೀರವನ್ನು ನೀರಿನ ಪಕ್ಕದ ಮರುಭೂಮಿ ಎಂಬಂತೆ ದಾಟಿಹೋದರು. ಈ ಉಪನ್ಯಾಸದಲ್ಲಿ ನಾನು ನಿಮ್ಮ ಮುಂದಿಡಬೇಕೆಂದಿರುವುದು ಇದಕ್ಕೆ ನೇರ ವಿರುದ್ಧವಾದ ಮಾತು. ಉಷ್ಣವಲಯದ ಯಾವುದಾದರೂ ಆರೋಗ್ಯವಂತ ದಂಡೆಯ ಒದ್ದೆ ಮರಳಿನಲ್ಲಿರುವ ಬದುಕಿನ ಬಗೆಗಳು, ಒಂದು ರೀತಿಯಲ್ಲಿ ಲೆಕ್ಕ ಹಾಕಿದರೆ, ನಾವು ಜೀಪು ಹತ್ತಿ ನೋಡಲು ಹೋಗುವ ಬಂಡೀಪುರದ್ದಕ್ಕಿಂತ ಹೆಚ್ಚು.

ಯಾವ ರೀತಿಯಲ್ಲಿ ಎಂಬುದನ್ನು ಸ್ಪಷ್ಟಪಡಿಸಬೇಕು. ಪ್ರಭೇದಗಳ ಸಂಖ್ಯೆಯಲ್ಲಿ ಕಾಡೇ ದೊಡ್ಡದು. ಕೀಟಗಳೊಂದೇ ಸಾಕು ಆ ಪಂದ್ಯ ಗೆಲ್ಲಲು. ಆದರೆ ಪ್ರಾಣಿಗಳನ್ನು ವಿಂಗಡಿಸುವಾಗ ಎಲ್ಲಕ್ಕಿಂತ ಮೇಲೆ ಬರುವ ದೊಡ್ಡ ಗುಂಪು ವಂಶ, ಅಂದರೆ ಫೈಲಂ. ದೇಹದ ಮೂಲ ವಿನ್ಯಾಸವೇ ಬೇರೆಯಾದಾಗ ವಂಶ ಬೇರೆಯಾಗುತ್ತದೆ. ಹುಲಿ, ಆನೆ, ಜಿಂಕೆ, ನವಿಲು, ಹೆಬ್ಬಾವು, ಕಪ್ಪೆ, ಕಬಿನಿಯ ಮೀನು, ಅವನ್ನು ನೋಡಲು ಹೋದ ನಾವು, ಎಲ್ಲರೂ ಸೇರಿ ಒಂದೇ ವಂಶ. ಚಿಟ್ಟೆ, ಇರುವೆ, ಜೇಡ, ಶತಪದಿ, ಗದ್ದೆಯ ಏಡಿಕಾಯಿ, ಇವೆಲ್ಲ ಸೇರಿ ಇನ್ನೊಂದು. ಬಸವನಹುಳುವಿಗೆ ಒಂದು, ಎರೆಹುಳು ಜಿಗಣೆಗಳಿಗೆ ಒಂದು. ಮಣ್ಣಿನೊಳಗಿನ ದುಂಡುಹುಳುವಿನಂಥವನ್ನೂ ಸೇರಿಸಿಕೊಂಡರೆ ಇನ್ನು ಕೆಲವಾಗುತ್ತವೆ, ಅಲ್ಲಿಗೆ ಕಾಡಿನ ಪಟ್ಟಿ ನಿಧಾನವಾಗುತ್ತದೆ. ಇಡೀ ಪ್ರಾಣಿಲೋಕದಲ್ಲಿ ಈಗ ಗುರುತಿಸಿರುವ ವಂಶಗಳು ಸುಮಾರು 35. ಅವುಗಳಲ್ಲಿ 20ಕ್ಕೂ ಹೆಚ್ಚು ವಂಶಗಳ ಪ್ರತಿನಿಧಿಗಳು ಸಮುದ್ರದ ಮರಳು ಕೆಸರುಗಳ ಸೂಕ್ಷ್ಮಪ್ರಾಣಿಗಳಲ್ಲಿ ಸಿಕ್ಕಿದ್ದಾರೆ. ನ್ಯಾಥೊಸ್ಟೊಮುಲಿಡಾ, ಕೈನೊರಿಂಕಾ ಎಂಬ ವಂಶಗಳ ಹೆಸರನ್ನು ನೀವು ಕೇಳಿಲ್ಲದಿದ್ದರೆ ಕಾರಣವಿದೆ: ಅವು ನೆಲದ ಮೇಲೆ ಎಲ್ಲಿಯೂ ಇಲ್ಲ. ಅತ್ತ ನೆಲಕ್ಕಷ್ಟೇ ಮೀಸಲಾಗಿ ಉಳಿದಿರುವ ವಂಶ ಒಂದೇ ಒಂದು, ಮೆತ್ತನೆ ಮೈಯ ಕಾಲುಹುಳುಗಳ ಒನಿಕೊಫೊರಾ. ನಮ್ಮ ದೇಶದಲ್ಲಿ ಅದನ್ನು ಕಾಣಬೇಕಾದರೆ ಅರುಣಾಚಲದ ಸಿಯಾಂಗ್ ಕಣಿವೆಗೆ ಹೋಗಬೇಕು.

ಇಷ್ಟೊಂದು ಬಗೆ ಅಲ್ಲಿ ಎಲ್ಲಿ ಹಿಡಿಯುತ್ತದೆ ಎಂಬ ಪ್ರಶ್ನೆಗೆ ಉತ್ತರವಾಗಿ ನಿಮ್ಮೆದುರಿಗೆ ಒಂದು ಸಣ್ಣ ಪ್ರಯೋಗ ಮಾಡಿದೆ. 200 ಮಿಲಿಲೀಟರ್ ಹಿಡಿಯುವ ಸ್ಟೀಲ್ ಲೋಟಕ್ಕೆ ಒಣಮರಳನ್ನು ಕಂಠಮಟ್ಟ ತುಂಬಿಸಿ, ತಟ್ಟಿ, ಇನ್ನು ಒಂದು ಕಾಳೂ ಹಿಡಿಯದು ಎಂದು ನೀವೇ ಒಪ್ಪಿದ ಮೇಲೆ ಅದಕ್ಕೆ ನೀರು ಹೊಯ್ದೆ. ಸುಮಾರು 75 ಮಿಲಿಲೀಟರ್ ನೀರು ಒಳಗೆ ಇಳಿದ ಮೇಲಷ್ಟೇ ಲೋಟ ತುಂಬಿತು. ತುಂಬಿದ ಲೋಟದಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಖಾಲಿಯೇ ಇತ್ತೆಂದಾಯಿತು. ದುಂಡಗಿನ ಕಾಳುಗಳನ್ನು ಎಷ್ಟೇ ಒತ್ತೊತ್ತಾಗಿ ಜೋಡಿಸಿದರೂ ನಡುವೆ ಸಂದಿ ಉಳಿದೇ ಉಳಿಯುತ್ತದೆ. ಆ ಸಂದಿಗಳು ಒಂದಕ್ಕೊಂದು ಕೂಡಿಕೊಂಡು ಓಣಿಗಳಾಗಿ, ದಂಡೆಯ ಉದ್ದಕ್ಕೂ ಅಗಲಕ್ಕೂ ಆಳಕ್ಕೂ ಹರಡಿರುತ್ತವೆ. ಪ್ರಾಣಿಗಳು ಮರಳನ್ನು ತಿಂದು ಬದುಕುವುದಿಲ್ಲ, ಕಾಳಿನ ಒಳಗೂ ಇರುವುದಿಲ್ಲ; ಅವು ಒಕ್ಕಲಾಗಿರುವುದು ಈ ಓಣಿಗಳಲ್ಲಿ. ದಂಡೆಯ ವಿಚಾರದಲ್ಲಿ ನಾನು ಹೇಳುವ ಮಿಕ್ಕ ಎಲ್ಲ ಮಾತೂ ಈ ಸಂದಿಗೇ ಬಂದು ನಿಲ್ಲುತ್ತದೆ.

ಸಂದಿಯ ಗಾತ್ರ ನಿಂತಿರುವುದು ಕಾಳಿನ ಗಾತ್ರದ ಮೇಲೆ. ಇದನ್ನು ಅಡುಗೆಮನೆಯ ಡಬ್ಬಿಗಳನ್ನು ಸಾಲಾಗಿಟ್ಟು ಯೋಚಿಸಿದರೆ ಸುಲಭ. ರಾಗಿಯ ಕಾಳು ಒಂದು ಮಿಲಿಮೀಟರಿಗಿಂತ ತುಸು ದೊಡ್ಡದು, ಅದು ತೀರ ಒರಟು ಮರಳು. ಉಪ್ಪಿಟ್ಟಿನ ರವೆ ಅದಕ್ಕಿಂತ ಸಣ್ಣದು, ಚಿರೋಟಿ ರವೆ ಇನ್ನೂ ನಯ, ಮೈದಾಹಿಟ್ಟು ಕೆಸರಿನ ಕಡೆಗೆ ವಾಲಿದ್ದು. ರಾಗಿಯಂಥ ಮರಳಿನ ಸಂದಿ ವಿಶಾಲವೇನೋ ಹೌದು, ಆದರೆ ಇಳಿತದ ಹೊತ್ತಿಗೆ ನೀರು ಬಸಿದುಹೋಗಿ ಮನೆಯೇ ಒಣಗುತ್ತದೆ. ಕಾಳು 0.2 ಮಿಲಿಮೀಟರಿಗಿಂತ ಸಣ್ಣದಾದರೆ ನೀರು ನಿಲ್ಲುತ್ತದೆ, ಆದರೆ ನುಸುಳಿಕೊಂಡು ಹೋಗುವಷ್ಟು ಜಾಗವಿರುವುದಿಲ್ಲ. ಅಲ್ಲಿ ಕಾಳುಗಳನ್ನು ತಳ್ಳಿಕೊಂಡು ದಾರಿ ಮಾಡಿಕೊಳ್ಳಬಲ್ಲ ಪ್ರಾಣಿಗಳಿಗೆ ಮಾತ್ರ ಸ್ಥಳ. ನಡುವಿನ ರವೆಯ ಗಾತ್ರದ ಮರಳಿನಲ್ಲಿ, ಪ್ರತಿ ಅಲೆಯೂ ಹೊಸ ನೀರು ಮತ್ತು ಆಮ್ಲಜನಕವನ್ನು ಒಳಗೆ ತಳ್ಳುವ ಕಡೆಯಲ್ಲಿ, ಸಂದಿವಾಸಿಗಳ ಬಗೆ ಹೆಚ್ಚು.

ಈ ಓಣಿಗಳಲ್ಲಿ ಬಾಳಬೇಕಾದರೆ ದೇಹ ಓಣಿಗೆ ಒಗ್ಗಬೇಕು. ಯಾವ ವಂಶದಿಂದ ಬಂದರೂ ಇಲ್ಲಿನ ಪ್ರಾಣಿ ಉದ್ದವಾಗಿ, ಸಪೂರವಾಗಿ, ಹುಳುವಿನಂತಾಗಿಬಿಡುತ್ತದೆ. ಅಂಬಲಿಮೀನಿನ ನೆಂಟಸ್ತನದ ಹಲಮೊಹೈಡ್ರಾ ಇಲ್ಲಿ ಕೊಡೆಯನ್ನು ಬಿಟ್ಟುಕೊಟ್ಟು, ಬರಿಯ ಕೊಳವೆ ಮತ್ತು ಕೈಗಳಾಗಿ ಉಳಿದಿದೆ. ಸ್ಯೂಡೊವರ್ಮಿಸ್ ಎಂಬುದು ಬಸವನಹುಳುವಿನ ಬಳಗದ್ದು, ಆದರೆ ಚಿಪ್ಪು ಕಳಚಿಕೊಂಡು ದಾರದಂತಾಗಿದೆ. ಅದರ ಹೆಸರಿಗೇ ಸುಳ್ಳುಹುಳು ಎಂದು ಅರ್ಥ. ಎಲ್ಲೆಡೆ ಗುಂಪುಗಟ್ಟಿ, ಒಂದಕ್ಕೊಂದು ಅಂಟಿಕೊಂಡು ಸಂಸಾರ ಮಾಡುವ ಬ್ರಯೊಜೊವಾ ವಂಶದಲ್ಲೂ ಒಂದು ಜಾತಿ ಮರಳಿಗೆ ಬಂದು ಒಂಟಿಬಾಳು ಹಿಡಿದಿದೆ, ಅದಕ್ಕೆ ಮೊನೊಬ್ರಯೊಜೊವನ್ ಎಂದು ಹೆಸರು. ಜೊತೆಗೆ ಬಹುಪಾಲು ಸಂದಿವಾಸಿಗಳ ಮೈಯಲ್ಲಿ ಅಂಟುಗ್ರಂಥಿಗಳಿವೆ. ಅಲೆ ಅಪ್ಪಳಿಸಿದಾಗ ಕಾಳಿಗೆ ತಟ್ಟನೆ ಅಂಟಿಕೊಳ್ಳುತ್ತವೆ, ಅಲೆ ಹಿಂದಿರುಗಿದೊಡನೆ ಬಿಡಿಸಿಕೊಳ್ಳುತ್ತವೆ. ಗ್ಯಾಸ್ಟ್ರೊಟ್ರಿಕಾ ವಂಶದ ಕೆಲವು ಪ್ರಾಣಿಗಳಲ್ಲಿ ಅಂಟು ಸುರಿಸುವುದಕ್ಕೆ ಒಂದು, ಬಿಡಿಸುವ ದ್ರವಕ್ಕೆ ಇನ್ನೊಂದು ಎಂದು ಜೋಡಿ ಗ್ರಂಥಿಗಳೇ ಇವೆ.

ಇವನ್ನು ಮೊದಲು ಕಂಡವರು ಯಾರು ಎಂಬುದನ್ನೂ ಹೇಳಿಬಿಡುತ್ತೇನೆ. ಜರ್ಮನಿಯ ಕೀಲ್ ನಗರದ ಅಡಾಲ್ಫ್ ರೆಮಾನೆ 1920ರ ದಶಕದಲ್ಲಿ ಮರಳನ್ನು ತೊಳೆದು ನೋಡಲು ಆರಂಭಿಸಿದಾಗ ಒಂದರ ಹಿಂದೊಂದು ಹೊಸ ಪ್ರಾಣಿ ಸಿಗತೊಡಗಿತು. 1942ರಲ್ಲಿ ಇಂಗ್ಲೆಂಡಿನ ಮಾಲಿ ಮೇರ್ ಈ ಗಾತ್ರದ ಪ್ರಾಣಿಗಳಿಗೆ ಮಯೊಫಾನಾ ಎಂಬ ಹೆಸರಿಟ್ಟರು. ಒಂದು ಮಿಲಿಮೀಟರಿನ, ಕೆಲವರ ಲೆಕ್ಕದಲ್ಲಿ ಅರ್ಧ ಮಿಲಿಮೀಟರಿನ, ಜರಡಿಯಿಂದ ಕೆಳಗೆ ಬಿದ್ದು, ಅದಕ್ಕಿಂತ ಹತ್ತಿಪ್ಪತ್ತು ಪಟ್ಟು ನಯವಾದ ಒಂದರಿಯಲ್ಲಿ ನಿಲ್ಲುವುದೆಲ್ಲ ಮಯೊಫಾನಾ. ಹೆಸರು ದೊಡ್ಡದಾದರೂ ಅಳತೆ ನಮ್ಮ ಅಜ್ಜಿಯರು ಹಿಟ್ಟು ಒಂದರಿ ಹಿಡಿಯುವ ಕ್ರಮದ್ದೇ. ನಮ್ಮ ದೇಶದಲ್ಲಿ ಈ ಕೆಲಸಕ್ಕೆ ಗಟ್ಟಿ ತಳಪಾಯ ಬಿದ್ದದ್ದು ಪೂರ್ವ ಕರಾವಳಿಯಲ್ಲಿ. ವಿಶಾಖಪಟ್ಟಣದ ವಾಲ್ಟೇರ್ ದಂಡೆಗಳಲ್ಲಿ ಪಿ. ಎನ್. ಗಣಪತಿ ಮತ್ತು ಜಿ. ಚಂದ್ರಶೇಖರ ರಾವ್ ಅವರು 1960ರ ದಶಕದಲ್ಲಿ ನಡೆಸಿದ ಅಧ್ಯಯನಗಳನ್ನು ಬಿಟ್ಟು ಭಾರತದ ಸಂದಿವಾಸಿಗಳ ಬಗ್ಗೆ ಬರೆಯಲು ಈಗಲೂ ಆಗುವುದಿಲ್ಲ.

ನನ್ನದೊಂದು ಪ್ರಸಂಗ ಇಲ್ಲಿ ಹೇಳಬೇಕು. ಪಾಠ ಮಾಡಲು ಶುರುಮಾಡಿದ ಹೊಸತರಲ್ಲಿ ವಿದ್ಯಾರ್ಥಿಗಳಿಗೆ ಈ ಪ್ರಾಣಿಗಳನ್ನು ಜೀವಂತ ತೋರಿಸಬೇಕೆಂಬ ಹುಮ್ಮಸ್ಸಿನಲ್ಲಿ ತಣ್ಣೀರುಬಾವಿಯ ದಂಡೆಯಿಂದ ಎರಡು ಹಾರ್ಲಿಕ್ಸ್ ಬಾಟಲಿ ತುಂಬ ಒದ್ದೆ ಮರಳು ತುಂಬಿಕೊಂಡು, ಮುಚ್ಚಳ ಬಿಗಿ ಮಾಡಿ, ಬಸ್ಸಿನ ಸೀಟಿನ ಕೆಳಗಿಟ್ಟುಕೊಂಡು ಹೊರಟೆ. ಸಂಪಾಜೆ, ಮಡಿಕೇರಿ, ಹುಣಸೂರು ಎಂದು 250 ಕಿಲೋಮೀಟರ್ ದಾಟಿ, ಮರುದಿನ ಬೆಳಿಗ್ಗೆ ಪ್ರಯೋಗಾಲಯದಲ್ಲಿ ಮುಚ್ಚಳ ತೆಗೆದರೆ ಕೊಳೆತ ಮೊಟ್ಟೆಯ ವಾಸನೆ ಇಡೀ ಕೋಣೆ ತುಂಬಿತು. ಮೇಲೆ ಹೊಂಬಣ್ಣವಿದ್ದ ಮರಳು ಬೂದುಗಪ್ಪಾಗಿತ್ತು. ಒಳಗಿದ್ದುದೆಲ್ಲ ಸತ್ತಿತ್ತು. ಹುಡುಗರು ಮೂಗು ಮುಚ್ಚಿಕೊಂಡು ನಕ್ಕರು. ನನಗೆ ಮಾತ್ರ ಒಂದು ಪಾಠ ಪುಸ್ತಕಕ್ಕಿಂತ ಚೆನ್ನಾಗಿ ಮನದಟ್ಟಾಯಿತು: ಮರಳಿನಲ್ಲಿ ಉಸಿರಾಡುವವರು ಅಷ್ಟು ಮಂದಿ ಇದ್ದರು, ಇದ್ದ ಆಮ್ಲಜನಕವನ್ನು ಗಂಟೆಗಳೊಳಗೆ ಮುಗಿಸಿದ್ದರು. ದಂಡೆಯಲ್ಲಿ ಅಲೆ ಮಾಡುವ ಕೆಲಸವನ್ನು ಬಾಟಲಿಯ ಮುಚ್ಚಳ ನಿಲ್ಲಿಸಿತ್ತು.

ಆಮೇಲೆ ಜಾಣನಾಗಿ, ದಂಡೆಯ ಹತ್ತಿರದಲ್ಲೇ ಕೆಲಸ ಮುಗಿಸುವುದನ್ನು ಕಲಿತೆ. ಕ್ರಮ ಸುಲಭವಾದುದು. ಒಂದು ಲೋಟ ಮರಳನ್ನು ಬಕೆಟ್ಟಿಗೆ ಹಾಕಿ, ಸಿಹಿನೀರು ಹೊಯ್ದು, ಕೈಯಾಡಿಸಿ, ಕಾಳುಗಳು ತಳ ಸೇರಿದೊಡನೆ ಮೇಲಿನ ನೀರನ್ನು ನಯವಾದ ಬಲೆಬಟ್ಟೆಯ ಮೂಲಕ ಸೋಸುವುದು. ಉಪ್ಪುನೀರಿನ ಪ್ರಾಣಿಗೆ ನಲ್ಲಿಯ ನೀರು ತಾಗಿದರೆ ಆಘಾತವಾಗಿ ಹಿಡಿತ ಬಿಟ್ಟುಬಿಡುತ್ತದೆ. ಈ ಒರಟು ಉಪಾಯವನ್ನು ನೀವು ಕೀಳಾಗಿ ಕಾಣಬಾರದು. ಡೆನ್ಮಾರ್ಕಿನ ರೈನ್‌ಹಾರ್ಟ್ ಕ್ರಿಸ್ಟೆನ್ಸನ್ ಫ್ರಾನ್ಸಿನ ರಾಸ್ಕಾಫ್‌ನಲ್ಲಿ ಊರಿಗೆ ಹೊರಡುವ ಆತುರದಲ್ಲಿ, ಸಾವಕಾಶದ ವಿಧಾನ ಬಿಟ್ಟು, ಸಮುದ್ರತಳದ ಒರಟು ಮರಳನ್ನು ಸಿಹಿನೀರಿನಲ್ಲಿ ತೊಳೆದಾಗಲೇ ಅದುವರೆಗೆ ಯಾರೂ ಬಿಡಿಸಲಾಗದಷ್ಟು ಬಿಗಿಯಾಗಿ ಕಾಳಿಗಂಟಿಕೊಂಡಿದ್ದ ಪ್ರಾಣಿಗಳು ಉದುರಿದ್ದು. 1983ರಲ್ಲಿ ಅವರು ಅದನ್ನು ಲೊರಿಸಿಫೆರಾ ಎಂಬ ಹೊಸ ವಂಶವಾಗಿಯೇ ಪ್ರಕಟಿಸಿದರು. ಹೊಸ ಪ್ರಭೇದವಲ್ಲ, ಹೊಸ ವಂಶ. ನಮ್ಮಲ್ಲಿ ಅನೇಕರು ಹುಟ್ಟಿದ ಮೇಲೆ ಸಿಕ್ಕಿದ್ದು.

ಸೋಸಿದ್ದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಮೊದಲು ಕಣ್ಣಿಗೆ ಬೀಳುವುದು ದುಂಡುಹುಳು, ಅಂದರೆ ನೆಮಟೋಡ್. ಸುಮಾರು ಒಂದು ಮಿಲಿಮೀಟರ್ ಉದ್ದ, ಗಾಜಿನ ನೂಲಿನಂತೆ ಪಾರದರ್ಶಕ. ಅಕ್ಕಪಕ್ಕ ಚಾಟಿಯಂತೆ ಬಳುಕುತ್ತ, ಹೋಗಬೇಕೆಂದ ಕಡೆಗೆ ಹೋಗಲಾರದೆ ಒದ್ದಾಡುತ್ತದೆ, ಏಕೆಂದರೆ ಅದರ ಈಜಿಗೆ ಗೋಡೆ ಬೇಕು. ಕಾಳುಗಳ ಗೋಡೆ ಇಲ್ಲದ ಬಟ್ಟಲಿನಲ್ಲಿ ಅದು ಜಾರುನೆಲದ ಮೇಲೆ ಓಡುವವರ ಪಾಡು ಪಡುತ್ತದೆ. ಇನ್ನಷ್ಟು ದೊಡ್ಡದು ಮಾಡಿ ಬಾಯಿಯನ್ನು ನೋಡಿದರೆ ಅದರ ಊಟ ತಿಳಿಯುತ್ತದೆ. ಬಾಯಿಗುಳಿ ಇಲ್ಲವೇ ಇಲ್ಲವೆಂಬಷ್ಟು ಕಿರಿದಾಗಿದ್ದರೆ ಬ್ಯಾಕ್ಟೀರಿಯಾ ಹೀರುವುದು, ಅಗಲವಾದ ಬಟ್ಟಲಿನಂತಿದ್ದರೆ ಕಸಕಡ್ಡಿ ನುಂಗುವುದು, ಸಣ್ಣ ಹಲ್ಲಿದ್ದರೆ ಕಾಳಿನ ಮೇಲಿನ ಪಾಚಿಯನ್ನು ಕೆರೆದು ಒಡೆಯುವುದು, ದೊಡ್ಡ ದವಡೆಯಿದ್ದರೆ ಉಳಿದ ಹುಳುಗಳನ್ನು ಬೇಟೆಯಾಡುವುದು. 1953ರಲ್ಲಿ ವೀಸರ್ ಎಂಬ ವಿಜ್ಞಾನಿ ಹಾಕಿಕೊಟ್ಟ ಈ ನಾಲ್ಕು ಪಂಗಡ ಇಂದಿಗೂ ಬಳಕೆಯಲ್ಲಿದೆ. ನೋಡಲು ಎಲ್ಲವೂ ಒಂದೇ ದಾರದುಂಡೆಯಿಂದ ಕತ್ತರಿಸಿದಂತಿರುವ ಹುಳುಗಳು ಒಂದೇ ಸಂದಿಯಲ್ಲಿ ಹತ್ತಾರು ಪ್ರಭೇದಗಳಾಗಿ ಹೇಗೆ ಬಾಳುತ್ತವೆ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಆ ಬಾಯಿಯಲ್ಲಿದೆ.

ದುಂಡುಹುಳುವಿನ ನಂತರ ಸಂಖ್ಯೆಯಲ್ಲಿ ಬರುವುದು ಹಾರ್ಪ್ಯಾಕ್ಟಿಕಾಯ್ಡ್ ಕೋಪಿಪಾಡ್, ಸಿಗಡಿಯ ದೂರದ ಬಂಧು. ಹಣೆಯ ನಡುವೆ ಒಂದೇ ಕೆಂಪು ಕಣ್ಣು. ಹೆಣ್ಣಾದರೆ ಬಾಲದ ಬಳಿ ಮೊಟ್ಟೆಯ ಚೀಲ. ಅದೃಷ್ಟವಿದ್ದರೆ ನೀರುಕರಡಿ ಎಂಬ ಸೂಕ್ಷ್ಮಪ್ರಾಣಿಯೂ ಸಿಗುತ್ತದೆ. ಪಾಚಿಯಲ್ಲಿ ಸಿಗುವ ನೀರುಕರಡಿಗೆ ಉಗುರುಗಳಿದ್ದರೆ, ಮರಳುದಂಡೆಯ ಬ್ಯಾಟಿಲೈಪಿಸ್‌ಗೆ ಬೆರಳ ತುದಿಯಲ್ಲಿ ಪುಟ್ಟ ಬಿಲ್ಲೆಗಳಿವೆ. ಎಂಟು ಕಾಲು ಊರಿ ಕಾಳಿನ ಮೇಲೆ ಅದು ನಡೆಯುವ ಠೀವಿಯನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಒಟ್ಟು ಲೆಕ್ಕದಲ್ಲಿ, ಒಂದು ಚದರ ಮೀಟರ್ ದಂಡೆಯ ಕೆಳಗೆ ಹತ್ತು ಲಕ್ಷದ ಆಸುಪಾಸಿನಲ್ಲಿ ಇಂಥ ಪ್ರಾಣಿಗಳಿರುವುದು ಸಾಮಾನ್ಯ ಸಂಗತಿ. ಒಂದು ಚಾಪೆ ಹಾಸಿ ಕುಳಿತರೆ ಅಷ್ಟು ಮಂದಿಯ ಮೇಲೆ ಕುಳಿತಂತೆ.

ಇವುಗಳ ಸಂಸಾರದಲ್ಲಿ ಒಂದು ಒಗಟಿದೆ. ಸಮುದ್ರದ ಹೆಚ್ಚಿನ ಪ್ರಾಣಿಗಳು ಲಕ್ಷಗಟ್ಟಲೆ ಮರಿಗಳನ್ನು ನೀರಿಗೆ ಬಿಟ್ಟು ಪ್ರವಾಹಕ್ಕೆ ಒಪ್ಪಿಸುತ್ತವೆ. ಸಂದಿವಾಸಿಗೆ ಅಷ್ಟು ಮೊಟ್ಟೆ ಹೊರಲು ಮೈಯಲ್ಲಿ ಜಾಗವಿಲ್ಲ. ಒಂದೊಂದಾಗಿ ಇಟ್ಟು, ಕಾಳಿಗೆ ಅಂಟಿಸಿ, ಅಲ್ಲೇ ಮರಿಯಾಗುವಂತೆ ನೋಡಿಕೊಳ್ಳುತ್ತದೆ. ಹೀಗೆ ಹೊಸ್ತಿಲು ದಾಟದ ಪ್ರಾಣಿ ಖಂಡಾಂತರದ ದಂಡೆಗಳಲ್ಲೂ ಒಂದೇ ರೂಪದಲ್ಲಿ ಸಿಗುವುದು ಹೇಗೆ? ಚಂಡಮಾರುತ ಕೆದಕಿದ ಮರಳು, ತೇಲುವ ಪಾಚಿ, ಹಡಗುಗಳು ಹೊತ್ತ ಮರಳು ಎಂದು ಹಲವು ವಿವರಣೆಗಳಿದ್ದವು. ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇನ್ನೊಂದು ಉತ್ತರ ಸೇರಿತು: ಒಂದೇ ಎಂದುಕೊಂಡದ್ದರಲ್ಲಿ ಅನೇಕವು ಒಂದೇ ರೂಪ ಹೊತ್ತ ಬೇರೆ ಬೇರೆ ಪ್ರಭೇದಗಳು. ಅಂದರೆ ನಮ್ಮ ಕರಾವಳಿಯದ್ದನ್ನು ಯೂರೋಪಿನ ಪುಸ್ತಕದ ಚಿತ್ರಕ್ಕೆ ಹೋಲಿಸಿ ಹೆಸರಿಟ್ಟು ಸುಮ್ಮನಾಗುವಂತಿಲ್ಲ.

ಉಷ್ಣವಲಯದ ದಂಡೆಗೆ ಅದರದೇ ಕಷ್ಟವಿದೆ, ಬಿಸಿಲು. ಏಪ್ರಿಲ್ ಮಧ್ಯಾಹ್ನ ಬರಿಗಾಲಿನಲ್ಲಿ ಒಣಮರಳು ದಾಟಿದವರಿಗೆ ನಾನು ಹೇಳಬೇಕಿಲ್ಲ; ಮೇಲ್ಪದರ 50 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆದರೆ ಗೇಣುದ್ದ ಕೆಳಗೆ ಕೈ ಹಾಕಿದರೆ ತಂಪು. ಸಂದಿವಾಸಿಗಳು ಇಳಿತ ಮತ್ತು ಬಿಸಿಲಿನೊಂದಿಗೆ ಕೆಳಗಿಳಿಯುತ್ತವೆ, ಭರತ ಬಂದಾಗ ಮೇಲೇರುತ್ತವೆ. ತೀರ ಕೆಳಗೆ ಹೋಗುವಂತೆಯೂ ಇಲ್ಲ. ಅಲೆ ಸೌಮ್ಯವಾಗಿರುವ ಕಡೆ ಸ್ವಲ್ಪ ಆಳದಲ್ಲಿ ಆಮ್ಲಜನಕ ಮುಗಿದು, ನನ್ನ ಬಾಟಲಿಯಲ್ಲಿ ಆದಂತೆ, ಗಂಧಕದ ವಾಸನೆಯ ಕಪ್ಪು ಪದರ ಶುರುವಾಗುತ್ತದೆ. ಅಲ್ಲಿಯೂ ನೆಲೆಸಲು ಒಗ್ಗಿಕೊಂಡ ಹುಳುಗಳಿವೆ. ನಮಗೆ ವಿಷವಾದದ್ದು ಅವುಗಳಿಗೆ ಗಡಿಬೇಲಿ.

ಇನ್ನು ಬರಿಗಣ್ಣಿಗೆ ಕಾಣುವವರ ಕಡೆ ಬರೋಣ. ಸ್ವೀಡನ್ನಿನ ಎರಿಕ್ ಡಾಲ್ 1952ರಲ್ಲಿ ಜಗತ್ತಿನ ಮರಳುದಂಡೆಗಳನ್ನು ಹೋಲಿಸಿ, ಮೇಲ್ತುದಿಯ ಒಣ ಪಟ್ಟಿಯಲ್ಲಿ ತಂಪು ದೇಶಗಳಲ್ಲಿ ಕುಪ್ಪಳಿಸುವ ಸಣ್ಣ ಮರಳುಸಿಗಡಿಗಳಿರುತ್ತವೆ, ಬಿಸಿ ದೇಶಗಳಲ್ಲಿ ಅದೇ ಜಾಗವನ್ನು ಓಸಿಪೋಡ್ ಏಡಿಗಳು ಹಿಡಿದಿರುತ್ತವೆ ಎಂದು ತೋರಿಸಿದರು. ಓಸಿಪೋಡ್ ಎಂದರೆ ಗ್ರೀಕಿನಲ್ಲಿ ಚುರುಕುಗಾಲು. ಮಂಡ್ಯದ ಕಡೆಯವರು ಇಲ್ಲಿದ್ದೀರಿ. ಗದ್ದೆಯ ಬದುವಿಗೆ ಬಿಲ ಕೊರೆದು ನೀರು ಸೋರಿಸುವ ಏಡಿಕಾಯಿಯ ಮೇಲೆ ನಿಮಗಿರುವ ಸಿಟ್ಟು ನನಗೆ ಗೊತ್ತು. ಅದನ್ನು ಹಿಡಿಯುವುದು ಮಕ್ಕಳಿಗೂ ಸಾಧ್ಯ. ದಂಡೆಯ ಈ ಏಡಿಯನ್ನು ಹಿಡಿಯುವುದು ಹಾಗಲ್ಲ. ಮರಳಿನದೇ ಬಣ್ಣ, ನಿಂತರೆ ಇಲ್ಲವೆಂಬಂತೆ; ಓಡಿದರೆ ಸೆಕೆಂಡಿಗೆ ಸುಮಾರು 2 ಮೀಟರ್, ಅದೂ ಅಡ್ಡಡ್ಡಲಾಗಿ. ಕರಾವಳಿಯಲ್ಲಿ ತುಳುವಿನವರು ಏಡಿಗೆ ದೆಂಜಿ ಎನ್ನುತ್ತಾರೆ. ದೀಪವಿಲ್ಲದ ದಂಡೆಯಲ್ಲಿ ಮುಸ್ಸಂಜೆ ಅಲುಗಾಡದೆ ಕುಳಿತರೆ ಅದರ ದಿನಚರಿ ಕಾಣುತ್ತದೆ: ಬಿಲದ ಬಾಯಲ್ಲಿ ಮೊದಲು ಎರಡು ಕಣ್ಣಿನ ಕಡ್ಡಿಗಳು, ಬಳಿಕ ಒಂದು ಪಕ್ಕದ ಕಾಲುಗಳ ನಡುವೆ ತಬ್ಬಿ ಹಿಡಿದ ಒದ್ದೆ ಮರಳಿನ ಕಂತೆ, ಅದನ್ನು ದೂರಕ್ಕೆ ಎಸೆದು ಒಂದು ಗಳಿಗೆ ನಿಂತು ನೋಡಿ ಮತ್ತೆ ಒಳಗೆ. ಬಿಲ ಒಂದು ಮೀಟರ್ ಆಳಕ್ಕೂ ಹೋಗುವುದುಂಟು, ಏಕೆಂದರೆ ಕೆಳಗೆ ತೇವ ಸಿಗಲೇಬೇಕು. ಈ ಏಡಿ ನೀರಿನಲ್ಲಿ ಬಾಳುವುದಿಲ್ಲ, ಆದರೆ ಕಿವಿರು ಒಣಗಿದರೆ ಸಾಯುತ್ತದೆ; ಆದ್ದರಿಂದ ಕಾಲುಗಳ ಬುಡದ ಕೂದಲಿನಿಂದ ಕಾಳುಗಳ ನಡುವಿನ ನೀರನ್ನು ಹೀರಿಕೊಳ್ಳುತ್ತದೆ. ಇಲ್ಲೂ ಸಂದಿಯೇ ಬಂತು ನೋಡಿ.

ಅದರ ಕೆಳಗೆ, ಅಲೆಯ ನೀರು ತೆಳುವಾಗಿ ಹತ್ತಿ ಇಳಿಯುವ ಪಟ್ಟಿಯಲ್ಲಿ ಇಬ್ಬರು ಮುಖ್ಯ ಒಕ್ಕಲುಗಳಿದ್ದಾರೆ. ಒಂದು ಎಮೆರಿಟಾ, ಹೆಬ್ಬೆರಳ ತುದಿಯಷ್ಟಿರುವ ಮೊಟ್ಟೆಯಾಕಾರದ ಏಡಿಬಂಧು. ಇದಕ್ಕೆ ಚಿಮುಟದಂಥ ಕೈಗಳಿಲ್ಲ. ಹಿಮ್ಮುಖವಾಗಿ ತೋಡಿಕೊಂಡು, ಸಮುದ್ರಕ್ಕೆ ಮುಖಮಾಡಿ ಹೂತುಕೊಂಡು, ನೀರು ಹಿಂದಿರುಗುವಾಗ ಗರಿಯಂಥ ಮೀಸೆ ಬಿಚ್ಚಿ ಆಹಾರ ಸೋಸುತ್ತದೆ. ಇನ್ನೊಂದು ಡೋನಾಕ್ಸ್, ಕರಾವಳಿಯವರು ಮರುವಾಯಿ ಎಂದು ಕರೆಯುವ ಚಿಪ್ಪುಗಳ ಬಳಗಕ್ಕೆ ಸೇರುವ, ಬೆಣೆಯಾಕಾರದ ಪುಟ್ಟ ಕಪ್ಪೆಚಿಪ್ಪು. ಭರತ ಏರುವಾಗ ಅದು ಮರಳಿನಿಂದ ಹೊರಗೆ ಚಿಮ್ಮಿ ಅಲೆಯ ಬೆನ್ನೇರಿ ಮೇಲಕ್ಕೆ ಬರುತ್ತದೆ, ನೀರು ನಿಧಾನಿಸಿದೊಡನೆ ನಾಲಿಗೆಯಂಥ ಪಾದ ಚಾಚಿ ಕ್ಷಣಗಳಲ್ಲಿ ಹೂತುಕೊಳ್ಳುತ್ತದೆ. ಇಳಿತದಲ್ಲಿ ಹಾಗೆಯೇ ಕೆಳಗಿಳಿಯುತ್ತದೆ. ಅಮೆರಿಕದ ತೀರದ ಒಂದು ಡೋನಾಕ್ಸ್ ಪ್ರಭೇದ, ಬರುತ್ತಿರುವ ಅಲೆಯ ಸದ್ದನ್ನು ಮರಳಿನ ಮೂಲಕ ಗ್ರಹಿಸಿ, ದೊಡ್ಡ ಅಲೆಯನ್ನೇ ಆರಿಸಿ ಹತ್ತುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಬಸ್ ನಿಲ್ದಾಣದಲ್ಲಿ ಎಕ್ಸ್‌ಪ್ರೆಸ್ ಬಸ್ಸಿಗೇ ಕಾಯುವವರಂತೆ. ಇವಲ್ಲದೆ ನದೀಮುಖಗಳ ಹತ್ತಿರದ ಶಾಂತ ಮರಳಿನಲ್ಲಿ, ಉದ್ದಿನಕಾಳಿನಂಥ ಮರಳುಗುಳಿಗೆಗಳನ್ನು ಬಿಲದ ಸುತ್ತ ಸಾಲಿಟ್ಟ ಚಿಕ್ಕ ಏಡಿಗಳು ಸಿಗುತ್ತವೆ. ಆ ಗುಳಿಗೆಗಳು ಲದ್ದಿಯಲ್ಲ, ಬಾಯಿಂದ ಆಹಾರ ಸೋಸಿಕೊಂಡು ಉಗುಳಿದ ಮರಳು.

ಈ ದೊಡ್ಡ ಪ್ರಾಣಿಗಳ ಲೆಕ್ಕ ಸಂದಿವಾಸಿಗಳಿಗೆ ತಿರುವುಮುರುವು. ದಂಡೆ ಅಗಲವಾಗಿ, ಚಪ್ಪಟೆಯಾಗಿ, ಮರಳು ನಯವಾಗಿ, ಅಲೆ ದೂರದಲ್ಲೇ ಒಡೆದು ಸುಸ್ತಾಗಿ ಬರುವ ಕಡೆ ಇವುಗಳ ಪ್ರಭೇದ ಹೆಚ್ಚು. ದಂಡೆ ಕಡಿದಾಗಿ, ಮರಳು ಒರಟಾಗಿ, ಅಲೆ ಕಾಲಬುಡದಲ್ಲೇ ಅಪ್ಪಳಿಸುವ ಕಡೆ ಕಡಿಮೆ. ದಕ್ಷಿಣ ಆಫ್ರಿಕದ ಆಂಟನ್ ಮೆಕ್ಲಾಕ್ಲನ್ ಅವರ ಹಲವು ವರ್ಷಗಳ ದುಡಿಮೆಯಿಂದ ಈ ಕ್ರಮ ಸ್ಪಷ್ಟವಾಯಿತು. ಒಂದೇ ಬಗೆಯ ದಂಡೆಗಳನ್ನು ಹೋಲಿಸಿದರೆ ಉಷ್ಣವಲಯದ್ದರಲ್ಲಿ ಪ್ರಭೇದಗಳು ಹೆಚ್ಚು ಎಂಬುದೂ ಅವರ ಹೋಲಿಕೆಗಳಿಂದ ಕಂಡಿತು.

ನಮ್ಮ ಪಶ್ಚಿಮ ಕರಾವಳಿಯಲ್ಲಿ ಇದಕ್ಕೆ ಮುಂಗಾರು ಸೇರಿಕೊಳ್ಳುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಕಡಲು ದಂಡೆಯ ಮರಳನ್ನು ಬಾಚಿಕೊಂಡು ಒಳಗೆ ಇಡುತ್ತದೆ, ದಸರಾ ಕಳೆಯುವ ಹೊತ್ತಿಗೆ ಮೆಲ್ಲಗೆ ಹಿಂದಿರುಗಿಸಲು ತೊಡಗುತ್ತದೆ. ಮೇ ತಿಂಗಳಲ್ಲಿ ಚಿರೋಟಿ ರವೆಯಂತಿದ್ದ ದಂಡೆ ಜುಲೈಯಲ್ಲಿ ಕಡಿದಾಗಿ ಒರಟಾಗಿರುತ್ತದೆ. ಮಳೆನೀರು ಉಪ್ಪನ್ನೂ ತೆಳುಮಾಡುತ್ತದೆ. ಪ್ರಾಣಿಗಳ ಸಂಖ್ಯೆ ಕುಸಿಯುತ್ತದೆ, ಮಳೆ ನಿಂತ ಮೇಲೆ ಹೊಸ ಪೀಳಿಗೆ ತುಂಬಿಕೊಳ್ಳುತ್ತದೆ. ಈ ಏರಿಳಿತ ಅವುಗಳಿಗೆ ಹಳೆಯ ಅಭ್ಯಾಸ. ಅಭ್ಯಾಸವಿಲ್ಲದಿರುವುದು ನಾವು ಮಾಡುವ ಬದಲಾವಣೆ. ಕೊರೆತ ತಡೆಯಲು ಕಲ್ಲಿನ ಗೋಡೆ ಕಟ್ಟಿದರೆ ಗೋಡೆಯ ಹಿಂದಿನ ಮನೆ ಉಳಿಯಬಹುದು, ಎದುರಿನ ದಂಡೆ ಕಿರಿದಾಗುತ್ತ ಹೋಗುತ್ತದೆ; ಮೊದಲು ಮಾಯವಾಗುವುದು ಏಡಿಗಳ ಒಣಪಟ್ಟಿ. ಅಂಚಿಗೆ ಬಂದುಬಿದ್ದ ಪಾಚಿ ಸೊಪ್ಪನ್ನು ಯಂತ್ರದಿಂದ ಬಾಚಿ ಸ್ವಚ್ಛ ಮಾಡಿದರೆ ಎಷ್ಟೋ ಪ್ರಾಣಿಗಳ ಅನ್ನವೇ ಹೋಯಿತು. ಪ್ಲಾಸ್ಟಿಕ್ ಆರಿಸುವುದು ಬೇರೆ, ದಂಡೆ ಗುಡಿಸುವುದು ಬೇರೆ ಎಂಬುದು ನನ್ನ ಖಚಿತ ಅಭಿಪ್ರಾಯ. ಮರಳಾದರೂ ಹುಟ್ಟುವುದು ದಂಡೆಯಲ್ಲಲ್ಲ, ಬಹುಪಾಲು ನದಿಗಳೇ ತಂದದ್ದು. ಅಣೆಕಟ್ಟಿನ ಹಿಂದೆ ನಿಂತ ಮರಳು, ನದಿಯಿಂದಲೇ ಲಾರಿ ಹತ್ತಿದ ಮರಳು ಕಡಲಿಗೆ ತಲುಪುವುದಿಲ್ಲ. ನಾವು ಚಿಕ್ಕಂದಿನಲ್ಲಿ ಗುಬ್ಬಚ್ಚಿ ಗೂಡು ಕಟ್ಟಿದ ಆ ಗುಡ್ಡೆ ಕಾವೇರಿಯ ಪಾಲಿನಿಂದ ಬಂದದ್ದು. ಪೂರ್ವದ ಯಾವುದೋ ದಂಡೆಗೆ ಸಲ್ಲಬೇಕಾಗಿದ್ದದ್ದು.

ಮಾತು ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಪುಟ್ಟ ಹುಡುಗಿ ಎದ್ದು, "ಹಾಗಾದರೆ ನಾವು ಮರಳಿನ ಮೇಲೆ ನಡೆದರೆ ಅವು ಸಾಯಲ್ವಾ ಸಾರ್?" ಎಂದು ಕೇಳಿದಳು. ಉತ್ತರವನ್ನು ಬರಹದಲ್ಲೂ ಸೇರಿಸುತ್ತಿದ್ದೇನೆ. ಮೇಲ್ಪಟ್ಟಿಯ ಸಡಿಲ ಮರಳಿನಲ್ಲಿ ಜೀಪು ಓಡಿಸಿದರೆ ಏಡಿಗಳೂ ಚಿಪ್ಪುಗಳೂ ಸಾಯುತ್ತವೆ ಎಂಬುದಕ್ಕೆ ಬೇಕಾದಷ್ಟು ಅಧ್ಯಯನಗಳಿವೆ. ಆದರೆ ಒದ್ದೆ ಮರಳಿನ ಮೇಲೆ ನಿನ್ನ ಪಾದ ಬಿದ್ದಾಗ ನಡೆಯುವುದೇ ಬೇರೆ. ನಿನ್ನ ಭಾರವನ್ನು ಕಾಳುಗಳೇ ಒಂದರ ಮೇಲೊಂದು ಹೊರುತ್ತವೆ. ಒತ್ತೊತ್ತಾಗಿ ಕುಳಿತ ಕಾಳುಗಳು ಸರಿಯಬೇಕಾದರೆ ಒಂದನ್ನೊಂದು ಹತ್ತಿ ದಾಟಬೇಕು, ಹಾಗೆ ಹತ್ತುವಾಗ ನಡುವಿನ ಜಾಗ ಕುಗ್ಗುವುದಿಲ್ಲ, ಹಿಗ್ಗುತ್ತದೆ. 1885ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಎಂಬ ಇಂಜಿನಿಯರು ಇದನ್ನು ವಿವರಿಸಿದ್ದರು. ಮುಂದಿನ ಸಲ ಮಲ್ಪೆಗೆ ಹೋದಾಗ, ಅಲೆ ಆಗಷ್ಟೇ ಇಳಿದ ಹೊಳೆಯುವ ಮರಳಿನ ಮೇಲೆ ನಿಧಾನವಾಗಿ ಒಂದು ಹೆಜ್ಜೆ ಊರಿ ಬಗ್ಗಿ ನೋಡು. ಪಾದದ ಸುತ್ತ ಮರಳು ತಟ್ಟನೆ ಬಿಳಿಚಿಕೊಂಡು ಒಣಗಿದಂತೆ ಕಾಣುತ್ತದೆ. ಅಲ್ಲಿ ಸಂದಿಗಳು ತೆರೆದುಕೊಂಡು ಮೇಲಿನ ನೀರು ಒಳಗೆ ಇಳಿದಿರುತ್ತದೆ. ಕಾಲೆತ್ತಿದರೆ ಅದೇ ನೀರು ಮತ್ತೆ ಮೇಲೆ ಬಂದು ಹೆಜ್ಜೆಗುರುತಿನಲ್ಲಿ ನಿಲ್ಲುತ್ತದೆ.